ಚಿಯಮ್ಮನಿಗೆ ಕೊಟ್ಟ ಪಟ್ಟಿ

ಕೊಡಿಗೇಹಳ್ಳಿಯಿಂದ ಬ್ಯಾಟರಾಯನಪುರದ ಕಡೆಗೆ ಬರುವ ರಸ್ತೆಯಲ್ಲಿ, ಹಾರ್ಡ್‌ವೇರ್ ಅಂಗಡಿಗೂ ಮೊಟ್ಟೆ ಗೋಡೌನಿಗೂ ನಡುವೆ, ಒಂದೇ ಷಟರಿನ ಲೇಡೀಸ್ ಟೈಲರ್ ಅಂಗಡಿ ಇದೆ. ನಡೆಸುವವಳು ಆಶಾರಾಣಿ, ನಲವತ್ತೊಂದು ವರ್ಷ. ಲೇಔಟುಗಳು ಬರುವ ಮೊದಲಿನಿಂದಲೂ ಆ ಊರಲ್ಲೇ ಇರುವ ಮನೆತನ. ಇವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಯಾರದೋ ಜಿಮ್ ಇದೆ. ಅದಕ್ಕೆ ಅವಳು ಒಂದು ದಿನವೂ ಅತ್ತವಳಲ್ಲ. ಅವಳ ಹೊಟ್ಟೆ ಉರಿಸಿದ್ದು ಬೇರೆಯೇ ಒಂದು ಸಂಗತಿ.

ಅಂಗಡಿಯ ಮುಂದೆ ಬ್ಲೌಸ್ ಹೊಲಿಗೆ, ಒಳಗೆ ಚಾಪೆಯ ಮೇಲೆ ಸೀರೆಗೆ ಕುಚ್ಚು ಕಟ್ಟುವ ಕೆಲಸ. ಸೆರಗಿನ ತುದಿಯನ್ನು ಕಿಟಕಿ ಸರಳಿಗೆ ಬಿಗಿದು, ರೇಷ್ಮೆ ದಾರ ಸೇರಿಸಿ, ಒಂದರ ಪಕ್ಕ ಒಂದು ಗಂಟು ಹಾಕುತ್ತಾ ಹೋಗಬೇಕು. ಆರು ಜನ ಹೆಂಗಸರು ಕೂರುತ್ತಾರೆ. ಕೈ ತನ್ನ ಪಾಡಿಗೆ ಓಡುತ್ತೆ, ಕಿವಿ ಖಾಲಿ ಇರುತ್ತೆ. ಆ ಖಾಲಿ ಕಿವಿಗಳಿಗೆ ಕಥೆ ಹೇಳುವುದು ಆಶಾರಾಣಿ ತಾನಾಗಿ ಹೊತ್ತುಕೊಂಡ ಕೆಲಸ.

ಟೀವಿ ಸೀರಿಯಲ್ ಕಥೆ ಅವಳಿಗೆ ಆಗುವುದಿಲ್ಲ. 'ಸಾವಿರ ಕಂತು ಕಳೆದ್ರೂ ಅತ್ತೆ ಇನ್ನೂ ಮೆಟ್ಟಿಲ ಮೇಲೇ ನಿಂತಿರ್ತಾಳೆ' ಅನ್ನುವುದು ಅವಳ ತಕರಾರು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಫೋನಿನಲ್ಲಿ ಏನೋ ಹುಡುಕಲು ಹೋಗಿ ಒಂದು ಜಪಾನಿ ಕಾರ್ಟೂನ್ ಸರಣಿ ಸಿಕ್ಕಿತು. ನೋಡುವ ಹುಡುಗರು ಅದನ್ನು ಅನಿಮೆ ಅನ್ನುತ್ತಾರೆ. ಹನ್ನೆರಡೇ ಕಂತು. ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರುತ್ತಿತ್ತು. ಪಿಯುಸಿಯಲ್ಲಿ ಇಂಗ್ಲಿಷೇ ಕೈಕೊಟ್ಟು ಓದು ಬಿಟ್ಟವಳು ಆಶಾರಾಣಿ. ನಿಲ್ಲಿಸಿ ನಿಲ್ಲಿಸಿ ಓದಿ, ಎರಡೆರಡು ಸಲ ನೋಡಿ, ಒಂದು ಕಂತು ಕರಗಿಸಿಕೊಳ್ಳಲು ಅವಳಿಗೆ ಒಂದು ವಾರ ಹಿಡಿಯುತ್ತಿತ್ತು.

ಆಮೇಲೆ ಅಂಗಡಿ ತೆರೆದಾಗ ಆ ಕಥೆ ಚಾಪೆಗೆ ಬಂತು. ನದಿ ದಾಟಿಸುವ ಒಬ್ಬ ಹುಡುಗಿ, ಹೆಸರು ಚಿಯೋ. ತಾಯಿ ಅವಳನ್ನು ಐದು ವರ್ಷದ ಮಗುವಾಗಿದ್ದಾಗ ದಡದ ಮೇಲೆ ಬಿಟ್ಟು ಹೋಗಿರುತ್ತಾಳೆ. ದೋಣಿಯವನೊಬ್ಬ ಸಾಕುತ್ತಾನೆ. ಅವನು ಸತ್ತ ಮೇಲೆ ಹುಟ್ಟು ಇವಳ ಕೈಗೆ. ಕಂತಿಗೊಬ್ಬ ಪ್ರಯಾಣಿಕ, ಅವನದೊಂದು ಕಥೆ. ಹೆಂಗಸರ ಬಾಯಲ್ಲಿ ಚಿಯೋ ಎರಡೇ ದಿನಕ್ಕೆ ಚಿಯಮ್ಮ ಆದಳು. ಹನ್ನೆರಡನೇ ಕಂತಿನಲ್ಲಿ ಒಬ್ಬ ಮುದುಕಿ ದೋಣಿ ಹತ್ತುತ್ತಾಳೆ. ಅವಳೇ ತಾಯಿ. ಮಂಜು ಕವಿದಿದೆ, ದೋಣಿ ನದಿಯ ನಟ್ಟನಡುವೆ ಇದೆ. ಚಿಯಮ್ಮ ಹುಟ್ಟು ಎತ್ತಿಟ್ಟು ಕೇಳುತ್ತಾಳೆ, 'ಯಾಕೆ ಬಿಟ್ಟು ಹೋದೆ?' ಮುದುಕಿ ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಮುಗಿಯಿತು. ಮುಂದಿನ ಭಾಗ ಬರಲೇ ಇಲ್ಲ.

"ಅಂಗಂದ್ರೆ ಏನೇ? ಬಾಯಿ ತೆಗೆದವ್ಳು ಆಕಳಿಸೋಕ್ಕೆ ತೆಗೆದ್ಳಾ?" ಅಂದಳು ಮುನಿಯಲ್ಲಮ್ಮ. ಆಶಾರಾಣಿಗೆ ಚಿಕ್ಕಪ್ಪನ ಹೆಂಡತಿ, ಚಾಪೆಯ ಹಿರಿಯಳು.

ಕಿಟಕಿ ಪಕ್ಕದಲ್ಲಿ ಕೂರುವ ಫಖ್ರುನ್ನೀಸಾ ಮಾತ್ರ ನಗಲಿಲ್ಲ. ಎಲ್ಲರೂ ಅವಳನ್ನು ಆಪಾ ಅನ್ನುತ್ತಾರೆ, ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಾಳೆ, ಅವಳಷ್ಟು ಸಣ್ಣ ಗಂಟು ಇನ್ಯಾರಿಗೂ ಬರುವುದಿಲ್ಲ. "ಯಾಕೆ ಬಿಟ್ಟಳು ಅಂತ ಗೊತ್ತಾಗ್ಬೇಕಲ್ಲಾ ಬೇಟಿ," ಅಂದಳು. ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದಳು, ಬಂತಾ ಅಂತ. ನಾಲ್ಕು ವರ್ಷ ಕೇಳಿದಳು.

ಈ ಕಥೆ ಹೊರಗಿನ ಕಿವಿಗೆ ಬಿದ್ದದ್ದು ಸ್ಮಿತಾಳಿಂದ. ಹೆಬ್ಬಾಳದ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಬ್ಲೌಸ್ ತಗೊಳ್ಳಲು ಬಂದವಳು, ಒಳಗಿನಿಂದ ಚಿಯಮ್ಮನ ಐದನೇ ಕಂತು ಕೇಳಿಸಿ ಬಾಗಿಲಲ್ಲೇ ನಿಂತುಬಿಟ್ಟಳು. ಆ ಸರಣಿಯ ಅಭಿಮಾನಿಗಳದ್ದೊಂದು ಬಳಗ ಭಾನುವಾರ ಸಹಕಾರನಗರದ ಪಾರ್ಕಿನಲ್ಲಿ ಸೇರುತ್ತದೆ ಅಂತ ಹೇಳಿ ಕರೆದುಕೊಂಡು ಹೋದಳು. ಇಪ್ಪತ್ತರ ಆಸುಪಾಸಿನವರ ನಡುವೆ ಟೇಪನ್ನು ಕೊರಳಿಂದ ತೆಗೆಯುವುದನ್ನೂ ಮರೆತ ಆಶಾರಾಣಿ ಹೋಗಿ ಕುಳಿತಳು. ಯಾವ ಕಂತಿನಲ್ಲಿ ದೋಣಿಯ ಹಗ್ಗ ಯಾವ ಬಣ್ಣ ಅನ್ನುವುದನ್ನೂ ಅವಳು ಹೇಳುವಾಗ ಹುಡುಗರು ಕೈ ಮುಗಿದರು. ತನ್ನ ತಲೆಯೊಳಗಿನ ಮಾತನ್ನು ಆಡಲು ಜನ ಸಿಕ್ಕದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಇದನ್ನು ಇಲ್ಲಿ ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಮುರಿದದ್ದು ಇದೇ.

ಬಳಗದ ಮುಖಂಡ ವೇಣುಗೋಪಾಲ್. ಇಪ್ಪತ್ತೇಳು ವರ್ಷ, ಮಾತು ಬೆಣ್ಣೆ. ಅವನ ತಾಯಿ ರಮಾ ಇದೇ ಅಂಗಡಿಯ ಹಳೆಯ ಗಿರಾಕಿ. ಒಂದು ದಿನ ಮಧ್ಯಾಹ್ನ ಅಂಗಡಿಗೇ ಬಂದು ಚಾಪೆಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ.

"ಅಕ್ಕಾ, ಒಂದ್ ಒಳ್ಳೆ ಸುದ್ದಿ. ಎರಡನೇ ಭಾಗ ಮಾಡೋಕೆ ಅವರ ಹತ್ರ ದುಡ್ಡಿಲ್ಲ ಅಷ್ಟೇ. ಈಗ ಅಭಿಮಾನಿಗಳೇ ಹಾಕೋ ಹಂಗೆ ಒಂದು ವೆಬ್‌ಸೈಟಲ್ಲಿ ಓಪನ್ ಮಾಡಿದಾರೆ. ಪ್ರಪಂಚದ ಎಲ್ಲಾ ಕಡೆಯಿಂದ ಹಾಕ್ತಿದಾರೆ. ನಾವೂ ಹಾಕಿದ್ರೆ ಬಂದೇ ಬರುತ್ತೆ."

"ನಮ್ ಕಾಸು ಜಪಾನಿಗೆ ಓಗುತ್ತಾ?" ಮುನಿಯಲ್ಲಮ್ಮ ಕೇಳಿದಳು.

"ಹೋಗುತ್ತೆ ಅಜ್ಜಿ."

"ನನ್ ಮೊಮ್ಮಗಂಗೆ ವೀಸಾ ಸಿಗ್ಲಿಲ್ಲ. ನನ್ ಕಾಸಿಗೆ ಸಿಗುತ್ತೆ ಅಂದ್ರೆ ಅದೇ ಮೇಲು ಬಿಡು."

ಚಾಪೆಯೆಲ್ಲ ನಕ್ಕಿತು. ಆಪಾ ದಾರ ಕಚ್ಚಿ ಹರಿದು ಕೇಳಿದಳು, "ತಾಯಿ ಬಾಯಿ ಬಿಡ್ತಾಳಾ?"

"ಬಿಡ್ತಾಳೆ ಆಪಾ. ಮೊದಲ್ನೇ ಎಪಿಸೋಡಲ್ಲೇ."

ಅಲ್ಲಿ ಆಶಾರಾಣಿ ಒಂದು ತಪ್ಪು ಮಾಡಿದಳು. ಆ ಊರಿನ, ಆ ಮನೆಯ ಮಗಳು ಮಾತ್ರ ಮಾಡಬಹುದಾದ ತಪ್ಪು.

ಅವಳ ಅಪ್ಪ ಮುನಿವೆಂಕಟಯ್ಯ ಇಡೀ ಬೀದಿಗೆ ಪಟ್ಟಿ ಎತ್ತುತ್ತಿದ್ದ ಮನುಷ್ಯ. ವರ್ಷಕ್ಕೊಂದು ಸಲ ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಬೇಕಾದರೆ ಮನೆಮನೆಗೂ ಹೋಗಿ ಕೈಲಾದಷ್ಟು ಕೇಳಿ, ಹೆಸರು ಬರೆದುಕೊಳ್ಳುವುದೇ ಪಟ್ಟಿ. ಅದಕ್ಕೆ ಬರೆಯದ ಕಾನೂನುಗಳಿದ್ದವು. ಪಟ್ಟಿ ಹಿಡಿದವನು ಮೊದಲು ತನ್ನ ಮನೆಯ ಹೆಸರು ಬರೆಯಬೇಕು. ಹತ್ತು ರೂಪಾಯಿ ಕೊಟ್ಟ ಮನೆಯ ಹೆಸರನ್ನೂ ಬಿಡಬಾರದು. ಹೆಸರು ಬರೆದಾದ ಮೇಲೆ ದೇವಿ ಕೂರಲೇಬೇಕು. ಒಂದು ವರ್ಷ ಗಾಳಿಮಳೆಗೆ ಶಾಮಿಯಾನ ಕಿತ್ತುಹೋಗಿ, ದುಡ್ಡು ಕೊಡುತ್ತೇನೆ ಅಂದಿದ್ದ ದೊಡ್ಡಮನುಷ್ಯ ಫೋನ್ ಎತ್ತದೆ ಹೋದಾಗ, ಮುನಿವೆಂಕಟಯ್ಯ ತನ್ನ ಎರಡು ಹಸು ಬಿಚ್ಚಿ ಹೊರಗೆ ಕಟ್ಟಿ, ಕೊಟ್ಟಿಗೆ ತೊಳೆದು ಅಲ್ಲೇ ಅಣ್ಣಮ್ಮನನ್ನು ಕೂರಿಸಿದ. ಜನರ ಹೆಸರು ಬರೆದುಕೊಂಡು ಕೆಲಸ ಮಾಡದೆ ಇರುವುದು ಸಾಧ್ಯ ಅನ್ನುವುದೇ ಆ ಮನೆಯವರ ಕಲ್ಪನೆಯಲ್ಲಿ ಇರಲಿಲ್ಲ.

ಹಾಗಾಗಿ ಆಶಾರಾಣಿ ಅಳತೆ ಬರೆಯುವ ನೋಟ್‌ಬುಕ್ಕಿನಲ್ಲಿ ತನ್ನ ಹೆಸರು ಮೊದಲು ಬರೆದಳು. ಒಬ್ಬೊಬ್ಬರದು ಒಂದೊಂದು ಸೀರೆಯ ಕೂಲಿ ಅಂತ ಮಾತಾಯಿತು. ವೇಣು "ಎಲ್ಲಾ ಸೇರಿಸಿ ನಿಮ್ಮ ಒಬ್ರ ಹೆಸರಲ್ಲೇ ಹಾಕ್ಬಿಡಿ ಅಕ್ಕ, ಸುಲಭ" ಅಂದ. ಅವಳು ಒಪ್ಪಲಿಲ್ಲ. ಏಳು ಹೆಸರನ್ನೂ ಬೇರೆಬೇರೆಯಾಗಿ, ಫಖ್ರುನ್ನೀಸಾ ಅನ್ನುವುದನ್ನು ಮೂರು ಸಲ ತಿದ್ದಿಸಿ, ಅವನಿಂದಲೇ ವೆಬ್‌ಸೈಟಿನಲ್ಲಿ ಒತ್ತಿಸಿದಳು. ಆ ಪುಟದ ಕೆಳಗಡೆ ಇರುವೆ ಸಾಲಿನಂತೆ ಹರಿದಿದ್ದ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಹನ್ನೆರಡು ಕಂತನ್ನು ಅಕ್ಷರ ಅಕ್ಷರ ಬಿಡಿಸಿ ಓದಿದವಳು ಅದನ್ನು ಓದಲಿಲ್ಲ. ಅಪ್ಪನ ಪಟ್ಟಿಗೆ ಸಣ್ಣ ಅಕ್ಷರ ಇರಲಿಲ್ಲವಲ್ಲ.

ಹೋಗುವಾಗ ವೇಣು ಒಂದು ವಿಡಿಯೋ ತೆಗೆದುಕೊಂಡ. ಕುಚ್ಚು ಕಟ್ಟುವ ಕೈಗಳು, ಆಪಾಳ ಕನ್ನಡಕ, ಮುನಿಯಲ್ಲಮ್ಮನ 'ಚಿಯಮ್ಮ ದಡ ಸೇರ್ಲಿ' ಅನ್ನುವ ಮಾತು. ಅದು ಎಲ್ಲೆಲ್ಲೋ ಓಡಾಡಿತು. ಹರಿದುಬಂದ ಹಣದಲ್ಲಿ ಎಷ್ಟು ಪಾಲು ಆ ಕೈಗಳನ್ನು ನೋಡಿ ಬಂದದ್ದೋ, ಲೆಕ್ಕ ಇಟ್ಟವರಿಗೇ ಗೊತ್ತು.

ಈಗ ಸತ್ಯ ಏನು ಅಂತ ನೋಡೋಣ. ಇಂಥ ಸರಣಿಯನ್ನು ಸಾಮಾನ್ಯವಾಗಿ ಒಬ್ಬರೇ ಮಾಡುವುದಿಲ್ಲ. ಪುಸ್ತಕ ಅಚ್ಚು ಹಾಕುವವರು, ಬೊಂಬೆ ಮಾರುವವರು, ಹಾಡು ಮಾರುವವರು ಕೂಡಿ ಬಂಡವಾಳ ಹಾಕುತ್ತಾರೆ. ಎಷ್ಟೋ ಸಲ ಸರಣಿ ಅನ್ನುವುದೇ ಆ ಪುಸ್ತಕಕ್ಕೂ ಬೊಂಬೆಗೂ ಜಾಹೀರಾತು. ಮಾಲು ಮಾರಿಹೋದಮೇಲೆ ಜಾಹೀರಾತು ಯಾರಿಗೆ ಬೇಕು? ಅಭಿಮಾನಿಗಳ ದುಡ್ಡಿನಿಂದ ಸಣ್ಣಪುಟ್ಟ ಚಿತ್ರಗಳು ಆಗಿರುವುದುಂಟು, ಇಲ್ಲ ಅನ್ನುವುದು ಸುಳ್ಳು. ಆದರೆ ಹಕ್ಕು ಕೈಯಲ್ಲಿ ಇಟ್ಟುಕೊಂಡವರು ಮಾಡುತ್ತೇವೆ ಅಂತ ಮೊದಲು ಬಾಯಿಬಿಟ್ಟು ಹೇಳಿರಬೇಕು. ಹೇಳದೆ ಎತ್ತಿದ ದುಡ್ಡು, ಆ ಜನ ಎಷ್ಟು ಆಸೆಯಿಂದ ಕಾಯುತ್ತಿದ್ದಾರೆ ಅಂತ ಅಳೆಯುವ ಟೇಪು, ಅಷ್ಟೇ. ಅಳತೆ ತೆಗೆದುಕೊಂಡವನು ಬಟ್ಟೆ ಹೊಲಿಯಬೇಕು ಅಂತ ಎಲ್ಲೂ ಬರೆದಿರುವುದಿಲ್ಲ. ಇಷ್ಟನ್ನು ಒಬ್ಬ ವಿದ್ಯಾವಂತ ಹುಡುಗ ಕನ್ನಡದಲ್ಲಿ ಆ ಚಾಪೆಯ ಮೇಲೆ ಕೂತು ಹೇಳಲು ಐದು ನಿಮಿಷ ಸಾಕಾಗುತ್ತಿತ್ತು.

ಹದಿನಾಲ್ಕು ತಿಂಗಳು ಕಳೆದ ಮೇಲೆ ಅಂಗಡಿಗೆ ಒಂದು ಪಾರ್ಸಲ್ ಬಂತು. ಒಳಗೆ ಏಳು ಕೀ ಬಂಚ್, ಪ್ಲಾಸ್ಟಿಕ್ಕಿನ ಪುಟ್ಟ ದೋಣಿ ನೇತಾಡುವಂಥವು. ಜೊತೆಗೊಂದು ಥ್ಯಾಂಕ್ಸ್ ಕಾರ್ಡು. ಚಿಯಮ್ಮನ ಫೋನ್ ಆಟ ಬಿಡುಗಡೆಯಾಗುತ್ತಿದೆ, ನಿಮ್ಮ ಬೆಂಬಲಕ್ಕೆ ಋಣಿ ಅಂತ ಇಂಗ್ಲಿಷಿನಲ್ಲಿ.

"ಇದಾ ಎರಡನೇ ಭಾಗ?" ಮುನಿಯಲ್ಲಮ್ಮ ದೋಣಿಯನ್ನು ಬೆರಳಲ್ಲಿ ತೂಗಾಡಿಸಿದಳು. "ನನ್ ಮನೆಗೆ ಇರಾದೇ ಒಂದ್ ಬೀಗ."

ಆಶಾರಾಣಿ ಸ್ಮಿತಾಳನ್ನು ಕರೆಸಿದಳು. ಸ್ಮಿತಾ ಮೊದಲು ಆ ಸಣ್ಣ ಅಕ್ಷರಗಳನ್ನು ಓದಿ ಹೇಳಿದಳು: ಈ ಹಣ ಆಸಕ್ತಿ ತೋರಿಸುವುದಕ್ಕೆ ಮಾತ್ರ, ಮುಂದಿನ ಭಾಗ ಮಾಡುವ ಹೊಣೆ ಯಾರಿಗೂ ಇಲ್ಲ. ಆಮೇಲೆ ಫೋನಿನಲ್ಲಿ ಒಂದು ಮೆಸೇಜ್ ತೋರಿಸಿದಳು. ಆ ವೆಬ್‌ಸೈಟಿನಲ್ಲಿ ದುಡ್ಡು ಎತ್ತಿದ ಕಂಪನಿಯವರು ಊರೂರಿನ ಬಳಗದ ಮುಖಂಡರಿಗೆ ಬರೆದದ್ದು. ಎರಡನೇ ಭಾಗದ ಯೋಜನೆ ಇಲ್ಲ, ಆಟ ಮಾತ್ರ ಇದೆ, ಸದ್ಯಕ್ಕೆ ಹೊರಗೆ ಹೇಳಬೇಡಿ. ವೇಣು ಅದಕ್ಕೆ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದ. ತಾರೀಖು ಅವನು ಚಾಪೆಯ ಮೇಲೆ ಬಂದು ಕುಳಿತದ್ದಕ್ಕಿಂತ ಒಂಬತ್ತು ದಿನ ಹಿಂದಿನದು. ಈಗ ಅವನು ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದ. ಅಭಿಮಾನಿಗಳನ್ನು ನೋಡಿಕೊಳ್ಳುವ ಕೆಲಸ, ಮನೆಯಿಂದಲೇ.

"ನಂಗೂ ನಿನ್ನೇನೇ ಗೊತ್ತಾಗಿದ್ದು ಅಕ್ಕ, ಬೇರೆ ಊರಿನ ಬಳಗದವರೊಬ್ರು ಕಳಿಸಿದ್ರು," ಅಂದಳು ಸ್ಮಿತಾ.

ಆಶಾರಾಣಿ ಅಲ್ಲೇ ಫೋನ್ ಮಾಡಿದಳು. ವೇಣು ಗಾಬರಿಯಾಗಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಅಕ್ಕಾ, ನೀವು ಯಾಕೆ ಅಷ್ಟು ಸೀರಿಯಸ್ ಆಗ್ತೀರಾ. ಅವರಿಗೆ ಕಥೆ ಹೇಳೋರು ನೀವೇ ತಾನೆ? ತಾಯಿ ಏನೋ ಒಂದು ಕಾರಣ ಹೇಳಿದ್ಲು ಅಂತ ನೀವೇ ಸೇರಿಸಿ ಮುಗಿಸಿಬಿಡಿ. ಅವರಿಗೇನ್ ಗೊತ್ತಾಗುತ್ತೆ?"

ಅವಳು ಫೋನ್ ಇಟ್ಟಳು. ನಿಜ ಹೇಳಬೇಕೆಂದರೆ ಹಾಗೆ ಮಾಡಲು ಅವಳಿಗೆ ಬರುತ್ತಿತ್ತು. ಬರಗಾಲ ಅನ್ನಬಹುದಿತ್ತು, ಕಾಯಿಲೆ ಅನ್ನಬಹುದಿತ್ತು, ಆಪಾ ಅತ್ತು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಮೊದಲು ಅವನೇ ಮೋಸ ಮಾಡಿದ್ದ, ಈಗ ಅವಳ ಬಾಯಿಂದ ಇನ್ನೊಂದು ಸಲ ಮಾಡಿಸಲು ನೋಡಿದ್ದ.

ಮರುದಿನ ಕೆಲಸ ಶುರುವಾಗುವ ಮೊದಲೇ ಇದ್ದದ್ದು ಇದ್ದ ಹಾಗೆ ಹೇಳಿ, ಒಬ್ಬೊಬ್ಬರ ಮುಂದೆ ಒಂದು ಸೀರೆಯ ಕೂಲಿ ಇಟ್ಟಳು.

ಮುನಿಯಲ್ಲಮ್ಮ ನೋಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, ಮುಖ ನೋಡದೆ ಅಂದಳು, "ಪಾರ್ಕಿಗೆ ಓಗ್ತಿದ್ದೋಳು ನೀನು. ಅವ್ನ್ ಜೊತೆ ವಿಡಿಯೋ ಮಾಡಿಸ್ದೋಳು ನೀನು. ನಿಂಗೆ ಗೊತ್ತಿರ್ಲಿಲ್ಲ ಅಂತ ಎಂಗೆ ನಂಬೋದೇ?"

"ಚಿಕ್ಕಮ್ಮ, ನನ್ನಾಣೆಗೂ."

"ಆಣೆ ಬುಡು. ಗೊತ್ತಿಲ್ದೋಳು ದುಡ್ ಯಾಕೆ ವಾಪಸ್ ಕೊಡ್ತಾಳೆ?"

ದುಡ್ಡು ಹೋದರೆ ಹೋಗಲಿ. ಮುನಿವೆಂಕಟಯ್ಯನ ಮಗಳು ಪಟ್ಟಿ ಎತ್ತಿ ತಿಂದಳು ಅನ್ನುವ ಮಾತು ಆ ಬೀದಿಯಲ್ಲಿ ಸಂಜೆಯೊಳಗೆ ನಾಲ್ಕು ಮನೆ ಸುತ್ತುತ್ತದೆ.

ಆಪಾ ತನ್ನ ಮುಂದಿನ ನೋಟನ್ನು ಮುಟ್ಟಿರಲಿಲ್ಲ. "ಇದು ನಂಗೆ ಬೇಡ. ತಗೊಂಡವನು ಕೊಡ್ಲಿ. ಇಲ್ಲಾ, ಯಾರಿಗೆ ಗೊತ್ತಿತ್ತು ಯಾರಿಗೆ ಇಲ್ಲ ಅಂತ ನಮ್ಮೆಲ್ಲರ ಮುಂದೆ ಹೇಳ್ಲಿ. ಮನೆ ಎಲ್ಲಿ ಅವನದು?"

ಪಟ್ಟಿ ಕೊಟ್ಟವನಿಗೆ ಪಟ್ಟಿ ಎತ್ತಿದವನ ಬಾಗಿಲಲ್ಲಿ ನಿಂತು ಕೇಳುವ ಹಕ್ಕು ಇದೆ. ಅದೂ ಆ ಬೀದಿಯ ಕಾನೂನೇ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಏಳು ಜನ ಸಹಕಾರನಗರಕ್ಕೆ ಹೋದರು. ಕೆಲಸ ನಿಲ್ಲಿಸುವಂತಿರಲಿಲ್ಲ, ಮದುವೆ ಸೀಸನ್ನು. ಸೀರೆ, ದಾರ, ಚಾಪೆ ಎಲ್ಲವೂ ಜೊತೆಗೆ ಹೋದವು. ವೇಣುವಿನ ಮನೆಯ ಗೇಟಿಗೆ ಗಟ್ಟಿ ಕಬ್ಬಿಣದ ಸರಳು. ಸೆರಗುಗಳನ್ನು ಅದಕ್ಕೆ ಬಿಗಿದು, ಹೊಂಗೆ ಮರದ ನೆರಳಲ್ಲಿ ಚಾಪೆ ಹಾಸಿ, ಗಂಟು ಹಾಕಲು ಕುಳಿತರು. ಕೂಗಾಟ ಇಲ್ಲ, ಬೋರ್ಡು ಇಲ್ಲ. ಹಸಿರು, ಮಾವಿನಕಾಯಿ ಬಣ್ಣ, ನೇರಳೆ, ಗೇಟಿನ ತುಂಬ ಸೀರೆ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, "ಈ ಸಣ್ಣ ಬೇಬಿ ಕುಚ್ಚಿಗೆ ಎಷ್ಟು ತಗೋತೀರಾ?" ಅಂತ ಕೇಳಿದಳು. ಮುನಿಯಲ್ಲಮ್ಮ ರೇಟು ಹೇಳಿ ಎರಡು ಸೀರೆಗೆ ಒಪ್ಪಿಸಿಕೊಂಡಳು.

ರಮಾ ಹೊರಗೆ ಬಂದರು. "ಏನ್ ಆಶಾ ಇದು, ಬೀದೀಲಿ?"

"ವೇಣುನ ಒಂದ್ ಮಾತು ಕೇಳ್ಬೇಕಿತ್ತು ರಮಕ್ಕ. ಕೆಲಸ ಮುಗಿಸ್ಕೊಂಡು ಬರ್ಲಿ, ಕಾಯ್ತೀವಿ."

"ಒಳಗೆ ಬನ್ನಿ."

"ಇಲ್ಲೇ ಆಗುತ್ತೆ."

ರಮಾ ಏಳು ಲೋಟ ಕಾಫಿ ತಂದರು. ಲೆಕ್ಕ ಕೇಳಲು ಹೋದ ಮನೆಯಲ್ಲಿ ನೀರು ಮುಟ್ಟಬಾರದು ಅಂತ ಮುನಿವೆಂಕಟಯ್ಯ ಹೇಳುತ್ತಿದ್ದ. ಆಶಾರಾಣಿ ಮುಟ್ಟಲಿಲ್ಲ, ಉಳಿದವರೂ ಅವಳ ಮುಖ ನೋಡಿ ಕೈ ಹಿಂದೆ ತೆಗೆದರು. ಆಪಾ ಮಾತ್ರ ಲೋಟ ಎತ್ತಿಕೊಂಡಳು. "ನಮ್ಮಲ್ಲಿ ಆ ಕಾನೂನಿಲ್ಲ. ಕಾಫಿ ಏನ್ ತಪ್ಪು ಮಾಡಿದೆ?"

ಬಾಲ್ಕನಿಯ ಪರದೆ ಎರಡು ಸಲ ಅಲ್ಲಾಡಿತು. ಹನ್ನೊಂದೂವರೆಗೆ ವೇಣು ಇಳಿದು ಬಂದ. ಕೊರಳಲ್ಲಿ ಕಂಪನಿಯ ಟ್ಯಾಗು. ತಾಯಿ ಗೇಟಿನ ಒಳಗೆ, ಇವರು ಹೊರಗೆ, ಅವನು ನಡುವೆ.

"ಅಕ್ಕಾ, ನೋಡಿ, ಇಂಡಸ್ಟ್ರಿ ಕೆಲಸ ಮಾಡೋದೇ ಹಂಗೆ. ಫಸ್ಟ್ ಡಿಮ್ಯಾಂಡ್ ತೋರಿಸ್ಬೇಕು, ಆಮೇಲೆ ಯಾವತ್ತಾದ್ರೂ..."

"ಬೇಟಾ," ಆಪಾ ಸೂಜಿಯಿಂದ ತಲೆ ಎತ್ತಲಿಲ್ಲ. "ಅಂಗಡಿಗೆ ಬಂದ ದಿನ ನಿಂಗೆ ಗೊತ್ತಿತ್ತಾ? ಅಷ್ಟ್ ಹೇಳು."

"ಅದು ಹಾಗಲ್ಲ ಆಪಾ..."

"ಗೊತ್ತಿತ್ತಾ?"

ಅವನು ತಾಯಿಯ ಕಡೆ ನೋಡಿದ. ರಮಾ ಅವನ ಕಡೆ ನೋಡಲಿಲ್ಲ. ನೇರಳೆ ಸೀರೆಯ ಸೆರಗು ನೋಡುತ್ತಿದ್ದರು.

"ಗೊತ್ತಿತ್ತು."

"ಇವಳಿಗೆ?"

"ಅಕ್ಕಂಗೆ ಗೊತ್ತಿರ್ಲಿಲ್ಲ. ಅಕ್ಕಂಗೆ ಹೇಳಿದ್ರೆ ಅವರು ವಿಡಿಯೋಗೆ ಒಪ್ತಿರ್ಲಿಲ್ಲ." ಆಮೇಲೆ ಸೇರಿಸಿದ, "ಒಂದೊಂದು ಸೀರೆ ಕೂಲಿ ತಾನೆ, ನಾನೇ ಕೊಟ್ಬಿಡ್ತೀನಿ. ಎಷ್ಟು?"

ರಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗನನ್ನು ಹೊರಗೇ ಬಿಟ್ಟು.

ಆಪಾ ಕೇಳಿದ್ದು ಸಿಕ್ಕಿತ್ತು, ಅವನ ದುಡ್ಡು ಯಾರಿಗೂ ಬೇಕಿರಲಿಲ್ಲ. ಹಿಡಿದ ಸಾಲು ಮುಗಿಸಿ, ಸೆರಗು ಬಿಚ್ಚಿ, ಚಾಪೆ ಸುತ್ತಿದರು. ಪಾರ್ಕಿನ ಪಕ್ಕ ಬರುವಾಗ ಮುನಿಯಲ್ಲಮ್ಮ ಆಶಾರಾಣಿಯ ಕೈಯಿಂದ ಸೀರೆ ಗಂಟು ಇಸಕೊಂಡು ತಾನೇ ಹೊತ್ತಳು. "ನಾನು ಅಂಗನ್ನಬಾರ್ದಿತ್ತು," ಅಂದಳು. ಆ ಬಾಯಿಂದ ಅಷ್ಟು ಬರುವುದೇ ಹೆಚ್ಚು.

ಹೆಸರಿಗೆ ಅಂಟಿದ ಮಸಿ ಹೋದಮೇಲೆ ಎದೆ ಹಗುರಾಗುತ್ತೆ ಅಂದುಕೊಂಡಿದ್ದಳು ಆಶಾರಾಣಿ. ಆಗಲಿಲ್ಲ. ಭಾನುವಾರ ಬಂದರೆ ಈಗಲೂ ಪಾರ್ಕಿನಲ್ಲಿ ಹುಡುಗರು ಸೇರುತ್ತಾರೆ, ಅದೇ ವೇಣು ನಡುವೆ ಕೂತು ಆಟದ ಹೊಸ ಹಂತಗಳ ಬಗ್ಗೆ ಹೇಳುತ್ತಾನೆ. ಎಲ್ಲರಿಗೂ ವಿಷಯ ಗೊತ್ತು. ಒಂದಿಬ್ಬರು ಬಿಟ್ಟರು, ಸ್ಮಿತಾ ಬಿಟ್ಟಳು. ಉಳಿದವರು 'ಬಿಡು ಮಗಾ, ಎಲ್ಲಾ ಕಡೆ ಹಿಂಗೇ' ಅಂತ ಕೂತಿದ್ದಾರೆ. ದ್ರೋಹ ಮಾಡಿದವನು ಒಬ್ಬ. ಅದನ್ನು ಸಲೀಸಾಗಿ ನಡೆಯುವ ಹಾಗೆ ಮಾಡಿದವರು ಇವರು, ಕೈ ಕೊಳೆ ಮಾಡಿಕೊಳ್ಳದ ಒಳ್ಳೆಯ ಮಕ್ಕಳು.

ಅಂಗಡಿಯಲ್ಲಿ ಮೂರು ವಾರ ಕಥೆ ಇರಲಿಲ್ಲ. ಯಾರೋ ಫೋನಿನಲ್ಲಿ ಹಳೇ ಹಾಡು ಹಾಕಿದರು, ಯಾರೋ ನಿಲ್ಲಿಸಿದರು. ನಾಲ್ಕನೇ ವಾರ ಆಶಾರಾಣಿಗೇ ತಡೆಯಲಾಗಲಿಲ್ಲ. ಹೊಸದೊಂದು ಸರಣಿ ನೋಡಿದ್ದಳು, ಬೆಟ್ಟದ ಮೇಲೆ ಅಂಚೆ ಹಂಚುವ ಒಬ್ಬ ಕುಂಟನ ಕಥೆ. ಮೆಷಿನ್ನು ತುಳಿಯುವ ಕಾಲು ನಿಲ್ಲಿಸಿ, ಹಳೇ ಅಭ್ಯಾಸದ ಹಾಗೆ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. "ಒಂದು ಬೆಟ್ಟ ಆಪಾ. ಅದರ ತುದೀಲಿ ಒಂದೇ ಒಂದು ಮನೆ..."

ಆಪಾಳ ಬೆರಳು ದಾರದ ಮೇಲೆ ನಿಂತಿತು. "ಮುಗಿದಿರೋ ಕಥೆನಾ?"

ಆಶಾರಾಣಿ ಯೋಚಿಸಿದಳು. ಎಂಟು ಕಂತು ಬಂದಿತ್ತು. ಮುಂದೆ ಬರುತ್ತದೋ ಇಲ್ಲವೋ ಅವಳಿಗೆ ತಿಳಿಯದು.

"ಗೊತ್ತಿಲ್ಲ ಆಪಾ."

"ಹಾಗಾದ್ರೆ ಬೇಡ ಬೇಟಿ," ಅಂದಳು ಆಪಾ, ಬೈಗುಳದ ದನಿಯಲ್ಲಲ್ಲ, ಉಪ್ಪು ಹೆಚ್ಚಾದ ಸಾರನ್ನು ಬೇಡ ಅನ್ನುವ ಹಾಗೆ. ಆರು ತಲೆಗಳು ಸೆರಗಿನ ಮೇಲೆ ಬಾಗಿದವು. ಆಶಾರಾಣಿ ಬ್ಲೌಸಿನ ತೋಳು ಎತ್ತಿಕೊಂಡು ಸೂಜಿಯ ಕೆಳಗೆ ಇಟ್ಟಳು.